ಪೈಪಿನ ನೀರು, ಸುರಂಗದ ಒರತೆ

ಬಾಯಾರು, ಪಡ್ರೆ ಕಡೆಯ ಕೆಲವು ಹಳೆಯ ತೋಟದ ಮನೆಗಳಲ್ಲಿ ನಡುಬೇಸಗೆಯಲ್ಲೂ ನಲ್ಲಿ ತಿರುಗಿಸಿದರೆ ತಣ್ಣನೆಯ ನೀರು ಬರುತ್ತದೆ. ಪೇಟೆಯಿಂದ ಬಂದ ಮೊಮ್ಮಗ "ಈ ನೀರು ಎಲ್ಲಿಂದ ಬರುತ್ತದೆ ಅಜ್ಜ?" ಎಂದು ಕೇಳಿದರೆ ಅಜ್ಜ "ಪೈಪಿನಿಂದ" ಎಂದು ಹೇಳಿ ಸುಮ್ಮನಾಗುವುದಿಲ್ಲ. ಗುಡ್ಡದ ಬುಡಕ್ಕೆ ಕರೆದುಕೊಂಡು ಹೋಗಿ ಮುರಕಲ್ಲಿನಲ್ಲಿ ಕೊರೆದ ಸುರಂಗದ ಬಾಯಿ ತೋರಿಸುತ್ತಾನೆ. ಒಬ್ಬ ಮನುಷ್ಯ ನುಗ್ಗುವಷ್ಟು ಅಗಲ, ಒಳಗೆ ಕತ್ತಲು, ಆ ಕತ್ತಲಿನ ಕೊನೆಯಲ್ಲಿ ಒರತೆ. ಇದನ್ನು ಕೊರೆದದ್ದು ಯಾರು, ಯಾವ ಕಾಲದಲ್ಲಿ, ಎಷ್ಟು ಕೋಲು ಉದ್ದ ಎನ್ನುವುದೂ ಅಜ್ಜನ ಬಾಯಲ್ಲಿರುತ್ತದೆ.

ಕಾಲೇಜಿನ ಪ್ರಾಜೆಕ್ಟ್ ಬರೆಯುವ ನಮ್ಮ ಮಕ್ಕಳಲ್ಲಿ "ಈ ಮಾಹಿತಿ ಎಲ್ಲಿಂದ?" ಎಂದು ಕೇಳಿ ನೋಡಿ. "ಗೂಗಲ್‌ನಿಂದ" ಎನ್ನುತ್ತಾರೆ. ಈಗೀಗ "ಚಾಟ್‌ಜಿಪಿಟಿಯಿಂದ" ಎನ್ನುತ್ತಾರೆ. ಅದು ಪೈಪನ್ನು ತೋರಿಸಿದ ಹಾಗೆ. ನೀರು ಬಂದದ್ದು ಅದರ ಮೂಲಕ ನಿಜ, ಒರತೆ ಬೇರೆಲ್ಲೋ ಇದೆ. ಸಂಶೋಧನೆ ಎಂಬ ದೊಡ್ಡ ಮಾತಿನ ಸಣ್ಣ ಅರ್ಥ ಇಷ್ಟೆ: ಪೈಪನ್ನು ಹಿಡಿದುಕೊಂಡು ಗುಡ್ಡದ ಕಡೆಗೆ ನಡೆಯುವುದು.

ಈ ಮಾತನ್ನು ಈಗ ಆಡಲು ಕಾರಣವಿದೆ. ಕೇರಳದಲ್ಲಿ 2024ರ ಜುಲೈ 1ರಿಂದ ನಾಲ್ಕು ವರ್ಷದ ಪದವಿ ಕ್ರಮ ಜಾರಿಗೆ ಬಂದಿದೆ. ಮೂರು ವರ್ಷಕ್ಕೆ ಪದವಿ ಪಡೆದು ಹೊರಬರಬಹುದು. ನಾಲ್ಕನೆಯ ವರ್ಷವೂ ಉಳಿಯುವವರಿಗೆ ಆನರ್ಸ್, ಅದರಲ್ಲೂ ಕೆಲವರಿಗೆ ಸಂಶೋಧನೆಯ ಆನರ್ಸ್. ಮೊದಲ ತಂಡ 2027ರಲ್ಲಿ ನಾಲ್ಕನೆಯ ವರ್ಷಕ್ಕೆ ಕಾಲಿಡಲಿದೆ. ಮೊದಲು ಪಿಎಚ್.ಡಿ. ಮಾಡುವವರ ತಲೆನೋವಾಗಿದ್ದ ಸಂಶೋಧನೆ ಈಗ ಇಪ್ಪತ್ತೊಂದರ ಹುಡುಗ ಹುಡುಗಿಯರ ಮೇಜಿಗೆ ಬಂದಿದೆ. ಕಾಸರಗೋಡಿನ ವಿದ್ಯಾರ್ಥಿಗೆ ಇದರ ಪಾಠ ಹೇಳಲು ದೂರದ ಉದಾಹರಣೆಗಳು ಬೇಡ. ಈ ಜಿಲ್ಲೆಯೇ ಒಂದು ಪಠ್ಯಪುಸ್ತಕ.

ಮೊದಲು ಒಂದು ಸರಳ ಪ್ರಶ್ನೆ: ಕಾಸರಗೋಡಿನಲ್ಲಿ ಕನ್ನಡಿಗರು ಎಷ್ಟು ಮಂದಿ? ಬದಿಯಡ್ಕದಲ್ಲಿ ಕೇಳಿದರೆ ಒಂದು ಲೆಕ್ಕ ಸಿಗುತ್ತದೆ, ಕಾಞಂಗಾಡಿನಲ್ಲಿ ಕೇಳಿದರೆ ಇನ್ನೊಂದು. 2011ರ ಜನಗಣತಿ ತೆರೆದರೆ ಜಿಲ್ಲೆಯ ಜನಸಂಖ್ಯೆ 13,07,375. ಮಾತೃಭಾಷೆ ಕನ್ನಡ ಎಂದವರು ನೂರಕ್ಕೆ ಸುಮಾರು 4, ತುಳು ಎಂದವರು ಸುಮಾರು 9. ಕನ್ನಡಿಗರು ನೂರಕ್ಕೆ ನಾಲ್ಕೇ ಮಂದಿ ಎಂದು ಬರೆದು ಪ್ರಾಜೆಕ್ಟ್ ಮುಗಿಸಬಹುದೇ? ಇಲ್ಲ. ಗಣತಿಯವರು ಕೇಳಿದ್ದು ಮಾತೃಭಾಷೆಯನ್ನು. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ ಮಾತಾಡಿ ಶಾಲೆಯಲ್ಲಿ ಕನ್ನಡ ಕಲಿತು, ಕನ್ನಡ ಪತ್ರಿಕೆ ಓದಿ, ಕನ್ನಡದಲ್ಲೇ ಯಕ್ಷಗಾನ ನೋಡುವ ಸಾವಿರಾರು ಮಂದಿ ಈ ನಾಲ್ಕರೊಳಗೆ ಸೇರಿಲ್ಲ. ಅವರನ್ನೆಲ್ಲ ಸೇರಿಸಿ ದೊಡ್ಡ ಅಂಕಿ ಹೇಳುವವರು ಲೆಕ್ಕ ಹಾಕುತ್ತಿರುವುದು ಬೇರೆಯದನ್ನು, ಅಂದರೆ ಕನ್ನಡದ ಬಳಕೆಯನ್ನು. ಇಬ್ಬರ ಅಂಕಿಯೂ ಸುಳ್ಳಲ್ಲ, ಅವರ ಪ್ರಶ್ನೆಗಳು ಬೇರೆ ಬೇರೆ. "ಕನ್ನಡಿಗ ಎಂದರೆ ಯಾರು ಎಂದು ಈ ಪ್ರಾಜೆಕ್ಟಿನಲ್ಲಿ ಇಟ್ಟುಕೊಂಡಿದ್ದೇನೆ" ಎಂದು ಮೊದಲ ಪುಟದಲ್ಲೇ ಹೇಳಿಬಿಟ್ಟ ವಿದ್ಯಾರ್ಥಿಯ ಅರ್ಧ ಕೆಲಸ ಅಲ್ಲಿಗೆ ಮುಗಿಯುತ್ತದೆ.

ಅದೇ ಗಣತಿಯಲ್ಲಿ ಇನ್ನೊಂದು ಹೊಂಡವಿದೆ. "ಮಂಜೇಶ್ವರ ತಾಲೂಕಿನಲ್ಲಿ ಎಷ್ಟು?" ಎಂದು ಹುಡುಕಿದರೆ 2011ರ ಪಟ್ಟಿಯಲ್ಲಿ ಆ ತಾಲೂಕೇ ಸಿಗುವುದಿಲ್ಲ. ಆಗ ಜಿಲ್ಲೆಯಲ್ಲಿ ಇದ್ದದ್ದು ಕಾಸರಗೋಡು, ಹೊಸದುರ್ಗ ಎರಡೇ ತಾಲೂಕು. ಮಂಜೇಶ್ವರ, ವೆಳ್ಳರಿಕುಂಡು ಆಮೇಲೆ ಹುಟ್ಟಿದವು. ಇನ್ನೂ ಹಿಂದಕ್ಕೆ ಹೋದರೆ ಜಿಲ್ಲೆಯೂ ಇಲ್ಲ. ಅದು ರೂಪುಗೊಂಡದ್ದು 1984ರ ಮೇ 24ರಂದು, ಅದಕ್ಕೆ ಮೊದಲು ಇದು ಕಣ್ಣೂರು ಜಿಲ್ಲೆಯ ಭಾಗ. 1956ರ ನವೆಂಬರ್ 1ಕ್ಕೆ ಮೊದಲು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಗಡಿ ಸರಿದಾಗ ಅಂಕಿಯೂ ಸರಿಯುತ್ತದೆ, ಕಡತವೂ ಊರು ಬಿಡುತ್ತದೆ. ಮದ್ರಾಸು ಸರಕಾರದ ಕಾಲದ ನಮ್ಮ ಊರಿನ ಕಾಗದ ಪತ್ರಗಳಿಗಾಗಿ ಚೆನ್ನೈ ಎಗ್ಮೋರಿನ ಪತ್ರಾಗಾರವನ್ನು ನೋಡಬೇಕಾಗುತ್ತದೆ. 1956ರ ನಂತರದ ಹಲವು ಮಲಯಾಳದಲ್ಲಿವೆ. ಹೆಸರಿನ ಸ್ಪೆಲ್ಲಿಂಗ್ ಕೂಡ ಒಂದೇ ಅಲ್ಲ. ಬ್ರಿಟಿಷರ ಕೆಲವು ದಾಖಲೆಗಳಲ್ಲಿ ಕಾಸರಗೋಡು 'ಸಿ' ಅಕ್ಷರದಿಂದ ಶುರುವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಬರಹಗಳಲ್ಲಿ ಈ ಸೀಮೆಯನ್ನು ಬೇಕಲ ತಾಲೂಕು ಎಂದೂ ಕರೆದಿದ್ದಾರೆ. ಇಂದಿನ ಹೆಸರನ್ನು ಟೈಪ್ ಮಾಡಿ, ಏನೂ ಸಿಗದೆ, "ದಾಖಲೆಯೇ ಇಲ್ಲ" ಎಂದು ಬರೆಯುವವರು ಎಷ್ಟೋ ಮಂದಿ. ದಾಖಲೆ ಇದೆ, ಹಳೆಯ ಹೆಸರಿನಲ್ಲಿ ಮಲಗಿದೆ. ಹುಡುಕುವ ಪೆಟ್ಟಿಗೆಗೆ ಮೂರು ನಾಲ್ಕು ಹೆಸರು, ಮೂರು ಲಿಪಿ ಕೊಟ್ಟು ನೋಡಬೇಕು. ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಓದಬಲ್ಲ ಕಾಸರಗೋಡಿನ ಹುಡುಗನಿಗೆ ಬೆಂಗಳೂರಿನವರಿಗೂ ಇಲ್ಲದ, ತಿರುವನಂತಪುರದವರಿಗೂ ಇಲ್ಲದ ಅನುಕೂಲವಿದು.

ಎರಡನೆಯ ಪಾಠ, ವರದಿಯನ್ನು ಪೂರ್ತಿ ಓದುವುದು. ಗಡಿ ವಿಷಯ ಬಂದಾಗಲೆಲ್ಲ "ಮಹಾಜನ ವರದಿ ಕಾಸರಗೋಡನ್ನು ಕರ್ನಾಟಕಕ್ಕೆ ಕೊಟ್ಟಿದೆ" ಎನ್ನುತ್ತೇವೆ. ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನರ ಆಯೋಗ ನೇಮಕವಾದದ್ದು 1966ರಲ್ಲಿ, ವರದಿ ಬಂದದ್ದು 1967ರಲ್ಲಿ. ಅದು ಶಿಫಾರಸು ಮಾಡಿದ್ದು ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು. ಹೊಳೆಯ ದಕ್ಷಿಣಕ್ಕಿರುವ ಹೊಸದುರ್ಗ ಅದರಲ್ಲಿ ಇಲ್ಲ. ಅದೇ ವರದಿ ನಿಪ್ಪಾಣಿ, ಖಾನಾಪುರ, ನಂದಗಡಗಳನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದೂ ಹೇಳಿದೆ. ನಮಗೆ ಬೇಕಾದ ಪುಟವನ್ನು ಮಾತ್ರ ಓದುವುದು ವಾದಕ್ಕೆ ಸಾಕು, ಸಂಶೋಧನೆಗೆ ಸಾಲದು. ನಮ್ಮ ಬೇಡಿಕೆ ನ್ಯಾಯವಾದದ್ದೇ ಆಗಿದ್ದರೆ ಪೂರ್ತಿ ವರದಿ ಓದಿದ ಮೇಲೆಯೂ ಅದು ನಿಲ್ಲುತ್ತದೆ.

ಅಭಿಮಾನವನ್ನು ಇನ್ನೂ ಕಠಿಣವಾಗಿ ಪರೀಕ್ಷಿಸುವ ಒಂದು ಕತೆ ಮಂಜೇಶ್ವರಕ್ಕೆ ಸಂಬಂಧಿಸಿದ್ದು. ನವೆಂಬರ್ ಬಂತೆಂದರೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶ ತಪ್ಪದೆ ಬರುತ್ತದೆ: "ಎರಡನೆಯ ಶತಮಾನದ ಗ್ರೀಕ್ ನಾಟಕದಲ್ಲಿ ಕನ್ನಡ!" ಈ ಪೈಪನ್ನು ಹಿಡಿದು ಹಿಂದಕ್ಕೆ ನಡೆಯೋಣ. ಈಜಿಪ್ತಿನ ಆಕ್ಸಿರಿಂಕಸ್ ಎಂಬ ಊರಿನ ಕಸದ ದಿಬ್ಬಗಳಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ವಿದ್ವಾಂಸರು ಸಾವಿರಾರು ಪಪೈರಸ್ ತುಣುಕುಗಳನ್ನು ಅಗೆದು ತೆಗೆದರು. 1903ರಲ್ಲಿ ಅಚ್ಚಾದ ಸಂಪುಟದಲ್ಲಿ 413ನೆಯ ಸಂಖ್ಯೆಯ ತುಣುಕು ಒಂದು ಪ್ರಹಸನ. ಖಾರಿಷನ್ ಎಂಬ ಗ್ರೀಕ್ ಹೆಣ್ಣುಮಗಳು ಭಾರತದ ಕಡಲತೀರದಲ್ಲಿ ಸೆರೆಯಾಗಿದ್ದಾಳೆ. ಅಣ್ಣ ಮತ್ತವನ ಸಂಗಡಿಗರು ಬಂದು ಅಲ್ಲಿನ ರಾಜನಿಗೂ ಅವನ ಕಡೆಯವರಿಗೂ ಹೆಂಡ ಕುಡಿಸಿ ಅವಳನ್ನು ಪಾರು ಮಾಡುತ್ತಾರೆ. ಆ ರಾಜ ಮತ್ತು ಅವನ ಜನ ಆಡುವ ಮಾತು ಗ್ರೀಕಿನದಲ್ಲ. ಇದು ಕನ್ನಡ ಇರಬಹುದು ಎಂದು 1904ರಲ್ಲಿ ಬರೆದವರು ಜರ್ಮನ್ ಶಾಸನತಜ್ಞ ಹುಲ್ಷ್. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಆ ದಾರಿಯಲ್ಲಿ ಇನ್ನಷ್ಟು ಮುಂದೆ ಹೋದರು. ನಮ್ಮ ಮಂಜೇಶ್ವರದ ಗೋವಿಂದ ಪೈ ಅವರೂ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು ಬರೆದರು.

ಸಂದೇಶ ಇಲ್ಲಿಗೇ ನಿಲ್ಲುತ್ತದೆ. ಕತೆ ನಿಲ್ಲುವುದಿಲ್ಲ. 1926ರಲ್ಲಿ ಎಲ್. ಡಿ. ಬಾರ್ನೆಟ್ ಎಂಬ ವಿದ್ವಾಂಸರು ಈಜಿಪ್ತಿನ ಪುರಾತತ್ವದ ಪತ್ರಿಕೆಯೊಂದರಲ್ಲಿ ಈ ವಾದವನ್ನು ಒಪ್ಪದೆ ಬರೆದರು. ಗ್ರೀಕ್ ಲಿಪಿಯಲ್ಲಿ ಪದಗಳ ನಡುವೆ ಜಾಗ ಬಿಡದೆ ಬರೆದ ಅಕ್ಷರಮಾಲೆಯನ್ನು ಎಲ್ಲಿ ಮುರಿಯಬೇಕು ಎನ್ನುವುದೇ ಇಲ್ಲಿನ ತೊಡಕು. ಬೇರೆ ಬೇರೆ ಕಡೆ ಮುರಿದರೆ ಬೇರೆ ಬೇರೆ ಪದಗಳು ಹುಟ್ಟುತ್ತವೆ. ಇದು ಕನ್ನಡವಲ್ಲ, ತುಳು ಎಂದವರೂ ಇದ್ದಾರೆ. ಪ್ರೇಕ್ಷಕರನ್ನು ನಗಿಸಲು ಹುಟ್ಟಿಸಿದ ಅರ್ಥವಿಲ್ಲದ ಸದ್ದು ಎಂದವರೂ ಇದ್ದಾರೆ. ವಿವಾದ ಇತ್ಯರ್ಥವಾಗಿಲ್ಲ. ಹಾಗಾದರೆ ವಿದ್ಯಾರ್ಥಿ ಏನು ಬರೆಯಬೇಕು? "ಗ್ರೀಕ್ ನಾಟಕದಲ್ಲಿ ಕನ್ನಡವಿದೆ" ಎಂದಲ್ಲ, "ಇದೆ ಎಂದು 1904ರಲ್ಲಿ ಹುಲ್ಷ್ ಹೇಳಿದರು, 1926ರಲ್ಲಿ ಬಾರ್ನೆಟ್ ಒಪ್ಪಲಿಲ್ಲ" ಎಂದು. ಇದರಿಂದ ಕನ್ನಡದ ಮಾನ ಹೋಗುವುದಿಲ್ಲ. ಹತ್ತಾರು ಭಾಷೆ ಕಲಿತು, ಒಂದು ತೇದಿಗಾಗಿ ಪುಟಗಟ್ಟಲೆ ಲೆಕ್ಕ ಹಾಕುತ್ತಿದ್ದ ಗೋವಿಂದ ಪೈಗಳ ಊರಿನವರಿಗೆ ಒಪ್ಪುವ ರೀತಿ ಅದೇ. ಅವರ ಪುಸ್ತಕ ಸಂಗ್ರಹ ಈಗ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿದೆ. ಮಂಜೇಶ್ವರದಲ್ಲಿ ರೈಲು ಹತ್ತಿದರೆ ಹೋಗಿ ಬರಬಹುದಾದ ದೂರ.

ಇವೆಲ್ಲ ಹಳೆಯ ಕಾಗದದ ವಿಷಯ, ತಪ್ಪಿದರೆ ಯಾರಿಗೂ ನೋವಿಲ್ಲ ಎನ್ನಬಹುದು. ಎಂಡೋಸಲ್ಫಾನಿನ ವಿಷಯದಲ್ಲಿ ಹಾಗೆನ್ನಲಾಗದು. 1970ರ ದಶಕದ ಕೊನೆಯಿಂದ 2000ದವರೆಗೆ ಪ್ಲಾಂಟೇಶನ್ ಕಾರ್ಪೊರೇಶನ್ ಆಫ್ ಕೇರಳದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಈ ಕೀಟನಾಶಕವನ್ನು ಸಿಂಪಡಿಸಿದರು. ಎಣ್ಮಕಜೆ ಪಂಚಾಯತಿನ ಪಡ್ರೆಯ ವಾಣಿನಗರದಲ್ಲಿ ವೈದ್ಯರಾಗಿದ್ದ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟಿನ ಊನಗಳು ಒಂದೇ ಕಡೆ ಇಷ್ಟೇಕೆ ಎಂದು ಗಮನಿಸಿದರು. ಅದೇ ಊರಿನ ಕೃಷಿ ಪತ್ರಕರ್ತ ಶ್ರೀ ಪಡ್ರೆ ಅದನ್ನು ಹೊರಜಗತ್ತಿಗೆ ಬರೆದು ತಿಳಿಸಿದರು. ಪ್ರಯೋಗಾಲಯವಿಲ್ಲ, ಅನುದಾನವಿಲ್ಲ. ಇದ್ದದ್ದು ಕಂಡದ್ದನ್ನು ಬರೆದಿಡುವ ಅಭ್ಯಾಸ ಮತ್ತು "ಯಾಕೆ?" ಎಂಬ ಒಂದು ಪ್ರಶ್ನೆ. ಸಂಶೋಧನೆಯ ಆರಂಭ ಎಂದರೆ ಅದೇ.

ಆಮೇಲೆ ವರದಿಗಳ ಮಳೆ ಸುರಿಯಿತು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ನೀರು, ಮಣ್ಣು, ರಕ್ತದ ಮಾದರಿಗಳಲ್ಲಿ ಎಂಡೋಸಲ್ಫಾನ್ ಅಂಶ ಇದೆ ಎಂದಿತು. ಅದೇ ವರ್ಷ ಕಾರ್ಪೊರೇಶನ್ ತಾನೇ ತಮಿಳುನಾಡಿನ ಸಂಸ್ಥೆಯೊಂದರಿಂದ ಮಾಡಿಸಿದ ಅಧ್ಯಯನ ಬೇರೆಯೇ ಹೇಳಿತು. ಎರಡೂ ಕಡೆ ವಿಜ್ಞಾನಿಗಳಿದ್ದಾರೆ, ಎರಡೂ ಕಡೆ ಅಂಕಿಗಳಿವೆ. ಡಿಗ್ರಿ ಎರಡನೆಯ ವರ್ಷದ ವಿದ್ಯಾರ್ಥಿನಿ ಯಾರನ್ನು ನಂಬಬೇಕು? ನಂಬುವ ಮೊದಲು ಕೆಲವು ಪ್ರಶ್ನೆ ಕೇಳಬೇಕು. ದುಡ್ಡು ಕೊಟ್ಟವರು ಯಾರು? ಮಾದರಿ ತೆಗೆದದ್ದು ಎಲ್ಲಿ, ಸಿಂಪಡಣೆಯಾಗಿ ಎಷ್ಟು ದಿನಕ್ಕೆ, ಎಷ್ಟು ಮಂದಿಯಿಂದ? ಹೋಲಿಸಿ ನೋಡಲು ಸಿಂಪಡಣೆ ಆಗದ ಊರನ್ನೂ ತೆಗೆದುಕೊಂಡಿದ್ದರೇ? ಪ್ರಕಟಿಸುವ ಮೊದಲು ಬೇರೆ ತಜ್ಞರು ಓದಿ ತಕರಾರು ಎತ್ತಿದ್ದರೇ?

ಈ ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಕೊಟ್ಟದ್ದು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಧ್ಯಯನ. ಅದು 2003ರ ಡಿಸೆಂಬರಿನಲ್ಲಿ ಅಂತಾರಾಷ್ಟ್ರೀಯ ಪರಿಸರ ಆರೋಗ್ಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಗೇರು ತೋಟದ ತಪ್ಪಲಿನ ಹಳ್ಳಿಯ 117 ಶಾಲಾ ಹುಡುಗರನ್ನೂ, ಸಿಂಪಡಣೆ ನಡೆಯದ ಇನ್ನೊಂದು ಊರಿನ 90 ಹುಡುಗರನ್ನೂ ಪರೀಕ್ಷಿಸಿದ್ದರು. ರಕ್ತದಲ್ಲಿ ಎಂಡೋಸಲ್ಫಾನ್ ಕಂಡದ್ದು ಮೊದಲ ಗುಂಪಿನಲ್ಲಿ ನೂರಕ್ಕೆ 78 ಮಂದಿಗೆ, ಎರಡನೆಯದರಲ್ಲಿ 29 ಮಂದಿಗೆ. ಮೊದಲ ಗುಂಪಿನ ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಎಂಬುದು ಅಧ್ಯಯನದ ತೀರ್ಮಾನ. ಆ 29ನ್ನು ಗಮನಿಸಿ. ಏನೂ ಆಗದ ಊರು ಎಂದು ಆರಿಸಿದ ಊರಿನಲ್ಲೂ ಅಂಶ ಸಿಕ್ಕಿತು ಎನ್ನುವುದನ್ನು ಲೇಖಕರು ಮುಚ್ಚಿಡಲಿಲ್ಲ. ಪ್ರಾಮಾಣಿಕ ಸಂಶೋಧನೆಯ ಗುರುತು ಅದು: ತನಗೆ ಅನುಕೂಲವಲ್ಲದ ಅಂಕಿಯನ್ನೂ ಅಚ್ಚು ಮಾಡುತ್ತದೆ. ಆಕ್ಷೇಪ ಇದ್ದವರು ಆಮೇಲೆ ಅದೇ ಪತ್ರಿಕೆಗೆ ಬರೆದರು, ಲೇಖಕರು ಅಲ್ಲೇ ಉತ್ತರಿಸಿದರು.

ಈ ಅಧ್ಯಯನ ಎಷ್ಟನ್ನು ಹೇಳಿದೆಯೋ ಅಷ್ಟನ್ನೇ ಹೇಳಬೇಕು ಎನ್ನುವುದೂ ಪಾಠದ ಭಾಗ. ಅದು ನೋಡಿದ್ದು ಹುಡುಗರ ಬೆಳವಣಿಗೆಯನ್ನು. ಜಿಲ್ಲೆಯ ಎಲ್ಲ ರೋಗಗಳಿಗೂ ಅದನ್ನೇ ಪುರಾವೆಯಾಗಿ ಹಿಡಿದರೆ ಎದುರಾಳಿ ಸುಲಭವಾಗಿ ಗೆಲ್ಲುತ್ತಾನೆ. ಸುಪ್ರೀಂ ಕೋರ್ಟು 2011ರ ಮೇ 13ರಂದು ಎಂಡೋಸಲ್ಫಾನನ್ನು ದೇಶದಾದ್ಯಂತ ತಡೆಯಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಹೇಳಿತು. ಕಾರಣದ ಬಗ್ಗೆ ಕೆಲವು ವಿಜ್ಞಾನಿಗಳ ತಕರಾರು ಇಂದಿಗೂ ಇದೆ. ಬರೆಯುವ ವಿದ್ಯಾರ್ಥಿ ಆ ತಕರಾರನ್ನೂ ಓದಿರಬೇಕು. ಸಂತ್ರಸ್ತರ ಪರ ನಿಲ್ಲುವವನೇ ಎಲ್ಲರಿಗಿಂತ ಹೆಚ್ಚು ಎಚ್ಚರದಿಂದ ಓದಬೇಕಾದವನು.

ಇನ್ನು ಯಂತ್ರದ ವಿಷಯ. ಚಾಟ್‌ಜಿಪಿಟಿಯಂಥ ಯಂತ್ರ ಪುಸ್ತಕ ತೆರೆದು ಉತ್ತರ ಹುಡುಕುವುದಿಲ್ಲ. ತಾನು ಓದಿದ ಅಪಾರ ಬರಹದ ಆಧಾರದಲ್ಲಿ ಮುಂದೆ ಯಾವ ಪದ ಬಂದೀತು ಎಂದು ಅಂದಾಜು ಮಾಡುತ್ತಾ ವಾಕ್ಯ ಹೆಣೆಯುತ್ತದೆ. ಈಗೀಗ ಜಾಲದಲ್ಲಿ ಹುಡುಕಿ ಹೇಳುವ ಸೌಲಭ್ಯ ಸೇರಿದ್ದರೂ ಈ ಸ್ವಭಾವ ಹೋಗಿಲ್ಲ. ಅಂದಾಜಿಗೆ ಆಧಾರ ಹೆಚ್ಚಿದ್ದ ಕಡೆ ಉತ್ತರ ಚೆನ್ನಾಗಿರುತ್ತದೆ, ಕಡಮೆಯಿದ್ದ ಕಡೆ ಕಟ್ಟುಕತೆ ಸೇರುತ್ತದೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ 70 ಲಕ್ಷ ಲೇಖನಗಳಿದ್ದರೆ ಕನ್ನಡದಲ್ಲಿ ಇರುವುದು 30 ಸಾವಿರದ ಆಸುಪಾಸು. ಅದರಲ್ಲಿ ಕುಂಬಳೆ ಸೀಮೆಯ ಬಗ್ಗೆ ಎಷ್ಟಿದ್ದೀತು? ಹಾಗಾಗಿ ಲಂಡನ್ನಿನ ಬಗ್ಗೆ ಕೇಳಿದಾಗ ಆಗುವ ತಪ್ಪಿಗಿಂತ ಅಡೂರಿನ ಬಗ್ಗೆ ಕೇಳಿದಾಗ ಆಗುವ ತಪ್ಪು ಹೆಚ್ಚು. ಆದರೆ ಎರಡನ್ನೂ ಅದು ಒಂದೇ ಧೈರ್ಯದಲ್ಲಿ ಹೇಳುತ್ತದೆ. ಇಲ್ಲದ ಪುಸ್ತಕಕ್ಕೆ ಲೇಖಕ, ವರ್ಷ, ಪುಟಸಂಖ್ಯೆ ಎಲ್ಲವನ್ನೂ ಕೊಡುತ್ತದೆ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಯಂತ್ರ ಹುಟ್ಟಿಸಿದ ಇಲ್ಲದ ತೀರ್ಪುಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿ 5,000 ಡಾಲರ್ ದಂಡ ತೆತ್ತರು. 2025ರ ಜುಲೈಯಲ್ಲಿ ಕೇರಳ ಹೈಕೋರ್ಟು ತನ್ನ ಅಧೀನ ನ್ಯಾಯಾಲಯಗಳಲ್ಲಿ ತೀರ್ಮಾನಕ್ಕೆ ಬರಲು ಇಂಥ ಯಂತ್ರವನ್ನು ಬಳಸಬಾರದೆಂದು ನೀತಿಯನ್ನೇ ಹೊರಡಿಸಿತು. ಯಂತ್ರವನ್ನು ಮುಟ್ಟಲೇಬೇಡಿ ಎಂದು ನಾನು ಹೇಳುವುದಿಲ್ಲ. ಕಷ್ಟದ ಇಂಗ್ಲಿಷ್ ಪ್ರಬಂಧವನ್ನು ಬಿಡಿಸಿ ಹೇಳಿಸಿಕೊಳ್ಳಿ, ಯಾವ ಹೆಸರುಗಳಲ್ಲಿ ಹುಡುಕಬಹುದು ಎಂದು ಕೇಳಿ. ಅದು ಹೆಸರಿಸಿದ ಪುಸ್ತಕ ಲೈಬ್ರರಿಯ ಕಪಾಟಿನಲ್ಲೋ ಜಾಲದ ಪಟ್ಟಿಯಲ್ಲೋ ಕಣ್ಣಿಗೆ ಬೀಳುವ ತನಕ ನಿಮ್ಮ ಪ್ರಾಜೆಕ್ಟಿಗೆ ಸೇರಿಸಬೇಡಿ.

ಒರತೆಗೆ ಹೋಗುವ ದಾರಿ ಮೊದಲಿನಷ್ಟು ಕಷ್ಟವಿಲ್ಲ. ದೇಶದ ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾದಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಕನ್ನಡದವೂ ಇವೆ, ಮಲಯಾಳದವೂ ಇವೆ. 1800-01ರಲ್ಲಿ ಈ ದಾರಿಯಾಗಿ ಹೋದ ಫ್ರಾನ್ಸಿಸ್ ಬುಕಾನನ್ನನ ಪ್ರವಾಸ ಕಥನ, 1894ರ ಸ್ಟರಾಕ್‌ನ ದಕ್ಷಿಣ ಕನ್ನಡ ಮ್ಯಾನ್ಯುಯಲ್, ಅದೇ ವರ್ಷದ ಕಿಟ್ಟೆಲ್ ನಿಘಂಟು ಇವೆಲ್ಲ ಹಕ್ಕು ಕಳೆದ ಪುಸ್ತಕಗಳು, ಮೊಬೈಲಿನಲ್ಲೇ ತೆರೆಯುತ್ತವೆ. 2025ರ ಜನವರಿ 1ರಿಂದ 'ಒಂದು ದೇಶ, ಒಂದು ಚಂದಾ' ಯೋಜನೆಯಲ್ಲಿ ಸರಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13,000 ಸಂಶೋಧನ ಪತ್ರಿಕೆಗಳು ತೆರೆದಿವೆ. ತೆಂಗು, ಅಡಕೆಯ ವಿಷಯವಾದರೆ 1916ರಲ್ಲಿ ತೆಂಗು ಸಂಶೋಧನ ಕೇಂದ್ರವಾಗಿ ಹುಟ್ಟಿದ ಸಿ.ಪಿ.ಸಿ.ಆರ್.ಐ. ಕೂಡ್ಲಿನಲ್ಲೇ ಇದೆ. ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಇವುಗಳ ಬಾಗಿಲು ತೋರಿಸುವವರು ನಿಮ್ಮ ಕಾಲೇಜಿನ ಲೈಬ್ರೇರಿಯನ್. ಪುಸ್ತಕ ಹಿಂದಿರುಗಿಸಲು ತಡವಾದಾಗ ಮಾತ್ರ ಅವರ ಮುಖ ನೋಡುವ ಅಭ್ಯಾಸ ಬಿಡಿ.

ಕೊನೆಗೊಂದು ಕಹಿ ಮಾತು. ಯು.ಜಿ.ಸಿ.ಯ 2018ರ ನಿಯಮದಂತೆ ಪ್ರಬಂಧದಲ್ಲಿ ನೂರಕ್ಕೆ ಹತ್ತರಷ್ಟು ಹೋಲಿಕೆ ಕಂಡರೆ ದಂಡವಿಲ್ಲ, ಅರುವತ್ತು ದಾಟಿದರೆ ಸಂಶೋಧಕನ ನೋಂದಣಿಯೇ ರದ್ದು. ಹತ್ತರಷ್ಟು ಕದಿಯಬಹುದು ಎಂದು ಇದನ್ನು ಅರ್ಥ ಮಾಡಿಕೊಂಡವರಿದ್ದಾರೆ. ನಮ್ಮ ಗಡಿನಾಡಿನಲ್ಲಿ ಇದಕ್ಕಿಂತ ಜಾಣ ಕಳ್ಳತನವೂ ಇದೆ: ಮಲಯಾಳದ ಪುಸ್ತಕದ ನಾಲ್ಕು ಪುಟ ಕನ್ನಡಕ್ಕೆ ತಂದು ತನ್ನ ಹೆಸರು ಹಾಕುವುದು. ಸಾಫ್ಟ್‌ವೇರ್ ಹಿಡಿಯುವುದಿಲ್ಲ. ಆದರೆ ಎರಡೂ ಭಾಷೆ ಓದುವ ಕಾಸರಗೋಡಿನ ಒಬ್ಬ ಓದುಗ ಸಾಕು, ಹಿಡಿಯುತ್ತಾನೆ. "ಇಂಥವರು ಇಂಥ ಪುಸ್ತಕದಲ್ಲಿ ಹೇಳಿದ್ದಾರೆ, ಅನುವಾದ ನನ್ನದು" ಎಂದು ಒಂದು ಸಾಲು ಬರೆದರೆ ಅದೇ ನಾಲ್ಕು ಪುಟ ಗೌರವದ ಕೆಲಸವಾಗುತ್ತದೆ. ಅಜ್ಜಿಯ ಬಾಯಿಂದ ಕೇಳಿದ್ದಾದರೂ ಅಷ್ಟೆ. ಯಾರು, ಯಾವ ಊರು, ಯಾವ ದಿನ ಎಂದು ಬರೆದಿಡಿ, ಬಳಸಬಹುದೇ ಎಂದು ಅವರನ್ನೇ ಕೇಳಿ.

ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಸಣ್ಣದು. ಈ ವಾರ ನಿಮ್ಮ ಪ್ರಾಜೆಕ್ಟಿನಿಂದ ಒಂದೇ ಒಂದು ವಾಕ್ಯ ಆರಿಸಿ, ನಿಮಗೆ ತುಂಬ ಇಷ್ಟವಾದದ್ದನ್ನು. ಅದನ್ನು ಮೊದಲು ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತಾಯಿತು, ಒಪ್ಪದವರು ಯಾರು ಎಂದು ಹಿಂದಕ್ಕೆ ನಡೆಯಿರಿ. ಒರತೆ ಸಿಕ್ಕಿದರೆ ಪುಟಸಂಖ್ಯೆ ಬರೆದುಕೊಳ್ಳಿ. ಸಿಗದಿದ್ದರೆ, ಎಷ್ಟೇ ಚಂದದ ವಾಕ್ಯವಾದರೂ ಹೊಡೆದು ಹಾಕಿ.